ಬಿರಡೆ ಹಾಕಿದ ಹುಲಿ

ಹತ್ತೊಂಬತ್ತು ವರ್ಷದ ಹಿಂದೆ ನಮ್ಮ ಭಾವ ಒಂದು ಮಾತು ಕೊಟ್ಟರು.

ಭಾವ ಎಂದರೆ ನಮ್ಮ ಅಕ್ಕನ ಗಂಡ. ನೀರು ಸರಬರಾಜು ಕಚೇರಿಯಲ್ಲಿ ಮೀಟರ್ ರೀಡರ್. ಮಾತು ಕೊಡುವುದರಲ್ಲಿ ಅವರದು ಧಾರಾಳ ಕೈ. ನನಗೆ ಸ್ಕೂಟರ್ ಕಲಿಸುತ್ತೇನೆಂದು ಕೊಟ್ಟ ಮಾತು ನನ್ನ ಮದುವೆಗಿಂತ ಹಳೆಯದು. ನನ್ನ ದೊಡ್ಡ ಮಗಳಿಗೆ ಮಾತಾಡುವ ಗಿಳಿ ತಂದುಕೊಡುತ್ತೇನೆಂದರು; ಅವಳೇ ಈಗ ಎರಡು ಗಿಳಿಯಷ್ಟು ಮಾತಾಡುತ್ತಾಳೆ, ಗಿಳಿ ಬರಲಿಲ್ಲ. ಇವೆಲ್ಲ ಕೊಟ್ಟವರೂ ಪಡೆದವರೂ ಸೇರಿ ಮರೆಯುವ ಜಾತಿಯ ಮಾತುಗಳು. ಆದರೆ ಹತ್ತೊಂಬತ್ತು ವರ್ಷದ ಹಿಂದಿನ ಆ ಒಂದು ಮಾತನ್ನು ಅವರು ಕೊಟ್ಟಿದ್ದು ಗಣಿತದ ಟೀಚರಿಗೆ. ಗಣಿತದವರು ಮಾತನ್ನು ಮರೆಯುವುದಿಲ್ಲ, ಪಕ್ಕಕ್ಕೆ ತಾರೀಕು ಹಾಕಿ ಇಟ್ಟುಕೊಳ್ಳುತ್ತಾರೆ.

ಟೀಚರ ಮನೆ ನಮ್ಮ ಬೀದಿಯ ಕೊನೆಯದು. ಬೀದಿಯಲ್ಲಿ ಅರವತ್ತೆರಡು ಮನೆ, ಒಂದೇ ಕೊಳವೆ. ಆ ಕೊಳವೆ ಹಾಕಿದಾಗ ಹದಿನಾಲ್ಕು ಮನೆ ಇದ್ದವಂತೆ. ದಿನ ಬಿಟ್ಟು ದಿನ ಬೆಳಿಗ್ಗೆ ಆರರಿಂದ ಎಂಟರವರೆಗೆ ನೀರು ಬಿಡುತ್ತಾರೆ. ಮೊದಲ ಮನೆಗೆ ಬಂದ ನೀರು ಅರವತ್ತೆರಡನೆಯ ಮನೆ ಮುಟ್ಟುವ ಹೊತ್ತಿಗೆ ಬರೀ ಗಾಳಿಯಾಗಿರುತ್ತಿತ್ತು. ಟೀಚರ ನಲ್ಲಿ ತಿರುಗಿಸಿದರೆ ಬುಸ್ ಎನ್ನುತ್ತಿತ್ತು, ಅಷ್ಟೇ. ಅವರು ಬೀದಿಯ ಆ ತುದಿಯ ಸಾರ್ವಜನಿಕ ನಲ್ಲಿಯಿಂದ ಬಿಂದಿಗೆ ಹೊತ್ತು ತರಬೇಕಿತ್ತು.

ಭಾವ ಈ ಬೀದಿಯ ಮೀಟರ್ ಓದಲು ಮೊದಲ ಬಾರಿ ಬಂದ ದಿನ ಮಾತ್ರ ಟೀಚರ ನಲ್ಲಿಯಲ್ಲಿ ಧೋ ಎಂದು ನೀರು ಬಂತು. ಭಾವ ಒಂದು ಲೋಟ ಹಿಡಿದು ಕುಡಿದು, ಚೆನ್ನಾಗಿಯೇ ಬರುತ್ತಿದೆಯಲ್ಲ ಎಂದರು. ಟೀಚರು ಕನ್ನಡಕ ಸರಿಮಾಡಿಕೊಂಡು, "ಇವತ್ತು ನೀವು ಬಂದಿದೀರಿ, ಅದೂ ಬಂದಿದೆ. ನಾಳಿದ್ದು ನೀವಿರಲ್ಲ, ಅದೂ ಇರಲ್ಲ" ಎಂದರು.

ಆಗ ಭಾವನ ಧಾರಾಳ ಕೈ ಮೇಲೆದ್ದಿತು. "ಟೀಚರ್, ನಾನಿಲ್ಲದ ದಿನಾನೂ ನಿಮ್ಮ ನಲ್ಲೀಲಿ ಈ ಬಿಂದಿಗೆ ತುಂಬುತ್ತೆ. ನಾನು ರಿಟೈರ್ ಆಗೋದರೊಳಗೆ. ಇದು ನನ್ನ ಮಾತು."

ಟೀಚರು ಒಳಗೆ ಹೋಗಿ ಪೆನ್ಸಿಲ್ ತಂದು ಬಚ್ಚಲಿನ ಗೋಡೆಯ ಮೇಲೆ ತಾರೀಕು ಬರೆದರು. ರಿಟೈರ್ ಆಗುವ ದಿನ ಯಾವುದೆಂದು ಕೇಳಿ ಅದನ್ನೂ ಬರೆದರು.

ಇನ್ನು ಅರವತ್ತೆರಡರಲ್ಲಿ ಅರವತ್ತೊಂದು ಮನೆಯ ಗುಟ್ಟು ಹೇಳಬೇಕು. ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಒಂದೊಂದು ಪುಟ್ಟ ಮೋಟರ್ ಇತ್ತು. ಅದನ್ನು ನಲ್ಲಿಗೆ ಸಿಕ್ಕಿಸಿ ಸ್ವಿಚ್ ಒತ್ತಿದರೆ ಕೊಳವೆಯ ನೀರನ್ನು ಕತ್ತು ಹಿಡಿದು ಎಳೆದುಕೊಳ್ಳುತ್ತದೆ. ಕಾನೂನಿಗೆ ವಿರುದ್ಧ. ನಮ್ಮ ಮನೆಯಲ್ಲೂ ಒಂದಿತ್ತು. ಮುಚ್ಚಿಟ್ಟು ಏನು ಪ್ರಯೋಜನ. ಎರಡು ಮಕ್ಕಳನ್ನು ಸ್ನಾನ ಮಾಡಿಸಿ, ಡಬ್ಬಿ ಕಟ್ಟಿ, ಏಳೂಮುಕ್ಕಾಲರ ಬಸ್ಸಿಗೆ ಓಡುವವಳಿಗೆ ಪಕ್ಕದ ಮನೆಯವರು ಎಳೆಯುತ್ತಿರುವಾಗ ತಾನೊಬ್ಬಳು ಧರ್ಮರಾಯನ ತಂಗಿಯಾಗಿ ಕೂರುವುದಕ್ಕೆ ಪುರುಸೊತ್ತಿರಲಿಲ್ಲ. ಎಲ್ಲರ ಮನೆಯ ನ್ಯಾಯವೂ ಇದೇ. ಟೀಚರ ಮನೆಯಲ್ಲಿ ಮಾತ್ರ ಮೋಟರ್ ಇರಲಿಲ್ಲ.

ಹತ್ತೊಂಬತ್ತು ವರ್ಷದಲ್ಲಿ ನಮ್ಮ ಭಾವ ಒಂದೇ ಒಂದು ಮೋಟರನ್ನೂ ಹಿಡಿಯಲಿಲ್ಲ. ಕಾರಣ, ಅವರ ಸ್ಕೂಟರು. ಅದರ ಸೈಲೆನ್ಸರಿನಲ್ಲಿ ನಮ್ಮ ಬೀದಿಗೆ ಬರುವ ಮೊದಲೇ ತೂತು ಬಿದ್ದಿತ್ತು. ಆಮೇಲೆ ತೂತಿಗೆ ಮರಿ ಹುಟ್ಟಿ, ಮರಿಗೆ ಮರಿ ಹುಟ್ಟಿ, ಅದು ಸೈಲೆನ್ಸರ್ ಅನ್ನುವುದಕ್ಕಿಂತ ಜಾಲರಿ ಎನ್ನುವ ಹಾಗಿತ್ತು. ಭಾವ ಮೂರು ಬೀದಿ ಆಚೆ ಕಿಕ್ ಹೊಡೆದರೆ ನಮ್ಮ ಅಡುಗೆಮನೆಯ ಲೋಟ ಅಲುಗುತ್ತಿತ್ತು. ಮೀಟರ್ ಓದುವ ವಿಷಯದಲ್ಲಿ ಭಾವನದೊಂದು ಶಿಸ್ತು ಬೇರೆ: ನೀರು ಹರಿಯುವಾಗಲೇ ಓದಬೇಕು, ನಿಂತ ಮೀಟರ್ ಓದುವುದು ಮಲಗಿದವನನ್ನು ಕ್ಷೇಮವಾ ಎಂದು ಕೇಳಿದ ಹಾಗೆ ಎನ್ನುತ್ತಿದ್ದರು. ಆದ್ದರಿಂದ ತಿಂಗಳಿಗೊಮ್ಮೆ ಬೆಳಿಗ್ಗೆ ಆರೂವರೆಗೆ ಬರುತ್ತಿದ್ದರು. ಸದ್ದು ಕೇಳಿದೊಡನೆ ಅರವತ್ತೊಂದು ಸ್ವಿಚ್ಚು ಆರಿ, ಅರವತ್ತೊಂದು ಮೋಟರು ಮಾಯ. ನಮ್ಮದು ಬೋರಲು ಹಾಕಿದ ಬಟ್ಟೆ ಟಬ್ಬಿನ ಕೆಳಗೆ. ಎದುರು ಸಾಲಿನ ಮೂರಂತಸ್ತಿನ ಮನೆಯವರದು ಚಪ್ಪಲಿ ಗೂಡಿನಲ್ಲಿ. ಅವರು ಬೀದಿಯ ಸಂಘದ ಅಧ್ಯಕ್ಷರು, ಅವರ ಮೋಟರು ಸಂಘದ ಅಧ್ಯಕ್ಷರಿಗೆ ತಕ್ಕ ಗಾತ್ರದ್ದು.

ಎಲ್ಲ ಮೋಟರೂ ನಿಂತ ಮೇಲೆ ನೀರು ತನ್ನ ಪಾಡಿಗೆ ತಾನು ನಡೆದುಕೊಂಡು ಕೊನೆಯ ಮನೆಯವರೆಗೂ ಹೋಗುತ್ತಿತ್ತು. ಭಾವ ಟೀಚರ ನಲ್ಲಿ ತಿರುಗಿಸಿ, ಒಂದು ಲೋಟ ಕುಡಿದು, ಪುಸ್ತಕದಲ್ಲಿ 'ಒತ್ತಡ ಉತ್ತಮ' ಎಂದು ಬರೆಯುತ್ತಿದ್ದರು. ಟೀಚರು ಕಚೇರಿಗೆ ಬರೆದ ದೂರುಗಳೆಲ್ಲ ಈ ಎರಡು ಪದಕ್ಕೆ ತಲೆ ಹೊಡೆದು ಸಾಯುತ್ತಿದ್ದವು. ಮಾತು ಕೊಟ್ಟವರೂ ಭಾವನೇ, ಆ ಮಾತಿಗೆ ಪ್ರತಿ ತಿಂಗಳು ಅಡ್ಡಗಾಲು ಹಾಕುತ್ತಿದ್ದವರೂ ಭಾವನೇ. ಇದು ಅವರಿಗೆ ಗೊತ್ತಿರಲಿಲ್ಲ. ಮನೆಗೆ ಬಂದು ಅಕ್ಕನ ಹತ್ತಿರ, ಇಡೀ ಊರಿಗೆ ನಿನ್ನ ತಂಗಿಯ ಬೀದಿ ಒಂದೇ ಪ್ರಾಮಾಣಿಕ ಕಣೇ ಎನ್ನುತ್ತಿದ್ದರು. ನಾನು ಅಲ್ಲಿದ್ದರೆ ಅಕ್ಕ ನನ್ನ ಮುಖ ನೋಡುತ್ತಿದ್ದಳು. ನಾನು ಗೋಡೆ ನೋಡುತ್ತಿದ್ದೆ.

ಭಾವ ರಿಟೈರ್ ಆಗಲು ಮೂರು ತಿಂಗಳಿರುವಾಗ ಆ ಸೈಲೆನ್ಸರ್ ಕಳಚಿ ಬಿತ್ತು. ಬಿದ್ದದ್ದು ಕಚೇರಿಯ ಗೇಟಿನಲ್ಲಿ, ಹಿಂದೆ ಬರುತ್ತಿದ್ದ ಇಂಜಿನಿಯರ್ ಸಾಹೇಬರ ಜೀಪಿನ ಮುಂದೆ. ಜೀಪು ಅದರ ಮೇಲೆ ಹತ್ತಿ ಇಳಿಯಿತು. ಸಾಹೇಬರು ಇಳಿದು ಬಂದು ಚಪ್ಪಟೆಯಾದ ತಗಡನ್ನು ನೋಡಿ, ಇಷ್ಟು ವರ್ಷ ಇದರ ಮೇಲೆ ಕೂತು ನಿಮ್ಮ ಕಿವಿ ಹೇಗೆ ಉಳಿಯಿತು ಎಂದು ಕೇಳಿದರು. ಭಾವ, "ಏನಂದ್ರಿ ಸಾರ್?" ಎಂದರು.

ಸ್ಕೂಟರನ್ನು ತಳ್ಳಿಕೊಂಡು ಮೆಕ್ಯಾನಿಕ್ಕಿನ ಅಂಗಡಿಗೆ ಹೋದರು. ಆ ಮೆಕ್ಯಾನಿಕ್ಕನ್ನು ಎಲ್ಲರೂ 'ಹತ್ತು-ಹನ್ನೊಂದು' ಎನ್ನುತ್ತಾರೆ. ಅವನ ಕೈಯಲ್ಲಿ ಸದಾ ಹತ್ತು-ಹನ್ನೊಂದರ ಸ್ಪ್ಯಾನರ್ ಇರುತ್ತದೆ, ಗಾಡಿ ಯಾವಾಗ ಕೊಡುತ್ತೀಯ ಎಂದರೂ ಅದನ್ನೇ ಹೇಳುತ್ತಾನೆ, ಎಷ್ಟು ದಿನ ಎಂದರೂ ಅದನ್ನೇ. ಈ ಮಾಡೆಲಿಗೆ ಕಂಪನಿ ಮಾಲು ಬರುವುದು ನಿಂತು ಯುಗವಾಯಿತು, ಹೊರಗಿನ ಮಾಲು ತರಿಸುತ್ತೇನೆ ಎಂದ. ತರಿಸಿದ. ಡಬ್ಬದ ಮೇಲೆ ಬಾಯಿ ತೆರೆದ ಹುಲಿಯ ಚಿತ್ರ. ಒಳಗೆ ಮೊಣಕೈ ಗಾತ್ರದ ಥಳಥಳ ಕೊಳವೆ, ಅದರ ಮೇಲೂ ಒಂದು ಹುಲಿ. ಹುಡುಗರು ಹಾಕಿಸಿಕೊಂಡು ಬೀದಿಯ ನಿದ್ದೆ ಕೆಡಿಸುವ ಜಾತಿಯದು. ಭಾವನಿಗೆ ಇರುವುದರಲ್ಲಿ ಹೊಂದುವುದು ಅದೊಂದೇ. ಐವತ್ತೊಂಬತ್ತು ವರ್ಷ ಒಂಬತ್ತು ತಿಂಗಳ ವಯಸ್ಸಿನಲ್ಲಿ ಅವರು ಆ ಹುಲಿಯನ್ನು ಕರ್ಚೀಫಿನಿಂದ ಒರೆಸಿದ ರೀತಿ ನೋಡಿದವರಿಗೆ ಬೇರೆ ವಿವರಣೆ ಬೇಕಿಲ್ಲ.

ಹಾಕುವುದು ಸುಲಭವಾಗಲಿಲ್ಲ. ಇಂಜಿನ್ನಿನ ಬಾಯಿಗೆ ನೆಟ್ಟ ಎರಡು ಸ್ಟಡ್ ತಿರುಪು, ಎರಡು ನಟ್ಟು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವು ಒಂದನ್ನೊಂದು ಬಿಟ್ಟಿರಲಾರದಂತೆ ತುಕ್ಕು ಹಿಡಿದಿದ್ದವು. ಹತ್ತು-ಹನ್ನೊಂದು ಸೀಮೆಎಣ್ಣೆ ಸುರಿದ, ಬೆಂಕಿ ತೋರಿಸಿದ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಪುಸಲಾಯಿಸಿದ. ಒಂದು ನಟ್ಟು ಬಂತು. ಇನ್ನೊಂದು, ಸ್ಟಡ್ಡಿನ ತಲೆಯನ್ನೇ ಕಿತ್ತುಕೊಂಡು ಬಂತು. ಅದನ್ನು ಕೊರೆದು ತೆಗೆದು ಹೊಸದು ಕೂರಿಸುವುದಕ್ಕೆ ಎರಡು ದಿನ. ಭಾವ ಎರಡು ದಿನವೂ ಅಲ್ಲೇ ಸ್ಟೂಲಿನ ಮೇಲೆ ಕೂತು, ಆಪರೇಷನ್ ಥಿಯೇಟರಿನ ಹೊರಗೆ ಕೂತವರಂತೆ ಮುಖ ಮಾಡಿಕೊಂಡಿದ್ದರು.

ಅವರು ಊಟಕ್ಕೆ ಹೋದಾಗ ಅಕ್ಕ ಅಲ್ಲಿಗೆ ಹೋದಳು. ಅವಳೂ ಹತ್ತೊಂಬತ್ತು ವರ್ಷ ಆ ಸದ್ದಿನ ಹಿಂದಿನ ಸೀಟಿನಲ್ಲಿ ಕೂತವಳು. "ನೋಡಪ್ಪ, ಹುಲಿ ಗಿಲಿ ಏನಾದ್ರೂ ಹಾಕು. ಸದ್ದು ಮಾತ್ರ ಬರಕೂಡದು. ಅವರಿಗೆ ಹೇಳೋದೂ ಕೂಡದು."

ಹತ್ತು-ಹನ್ನೊಂದು ಡಬ್ಬದ ತಳದಿಂದ ಹೆಬ್ಬೆರಳು ಗಾತ್ರದ ಒಂದು ಕಬ್ಬಿಣದ ಬಿರಡೆ ತೆಗೆದು ತೋರಿಸಿದ. ಅದನ್ನು ಕೊಳವೆಯ ಬಾಯಿಗೆ ತುರುಕಿ ಒಂದು ಬೋಲ್ಟು ಬಿಗಿದರೆ ಸದ್ದು ಅರ್ಧ ಅಡಗುತ್ತದೆ. ಅಕ್ಕನ ಮುಖ ನೋಡಿ, ಉಳಿದರ್ಧಕ್ಕೆ ಬಿರಡೆಯ ಸುತ್ತ ಗಾಜಿನ ಹತ್ತಿಯನ್ನೂ ಸುತ್ತಿದ. ಗಾಡಿಗೆ ನೆಗಡಿಯಾಗಿ ಮೂಗು ಕಟ್ಟಿದ ಹಾಗಿರುತ್ತದೆ, ಓಟ ಸ್ವಲ್ಪ ಕಮ್ಮಿಯಾಗುತ್ತದೆ ಎಂದ. ಎಲ್ಲಿಗೆ ಓಡಬೇಕಾಗಿದೆ ಎಂದಳು ಅಕ್ಕ.

ಭಾವ ಬಂದು ಕಿಕ್ ಹೊಡೆದರು. ಏನೂ ಕೇಳಿಸಲಿಲ್ಲ. ಮತ್ತೆ ಹೊಡೆದರು. ಆಗಲೇ ಸ್ಟಾರ್ಟ್ ಆಗಿದೆ ಎಂದು ಹತ್ತು-ಹನ್ನೊಂದು ಅವರ ಕೈ ಹಿಡಿದು ಸೀಟಿನ ಮೇಲೆ ಇಡಿಸಿದ. ಅಲುಗುತ್ತಿತ್ತು. ಹುಲಿ ಅಂದಿರಲ್ಲ ಎಂದು ಭಾವ ಸಣ್ಣ ದನಿಯಲ್ಲಿ ಕೇಳಿದರು.

"ಬೇಟೆಗೆ ಹೋಗೋ ಹುಲಿ ಗುರ್ ಅನ್ನಲ್ಲ ಸಾರ್" ಎಂದ ಹತ್ತು-ಹನ್ನೊಂದು.

ಭಾವನಿಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಮನೆ ಸೇರುವವರೆಗೆ ಬೆನ್ನು ನೆಟ್ಟಗೆ ಇಟ್ಟುಕೊಂಡೇ ಹೋದರು.

ಮರುವಾರ ಮೀಟರ್ ಓದುವ ದಿನ. ಆರೂವರೆಗೆ ನಮ್ಮ ಬೀದಿಗೆ ಸ್ಕೂಟರು ಬೆಕ್ಕಿನ ಹಾಗೆ ಬಂತು. ಅರವತ್ತೊಂದು ಮೋಟರು ಗುಂಯ್ ಎನ್ನುತ್ತಿದ್ದವು. ಭಾವ ಮೊದಲ ಮನೆಯ ಗೇಟು ತೆಗೆದು ನಿಂತಾಗ ಆ ಮನೆಯಾಕೆಯ ಕೈಯಲ್ಲಿ ಪೈಪಿತ್ತು, ಕಾಲ ಬಳಿ ಮೋಟರಿತ್ತು. ಆಕೆ ಧೈರ್ಯವಂತೆ. ಇದು ಮಿಕ್ಸಿಯ ಕೆಳಗಿನ ಭಾಗ, ರಿಪೇರಿಗೆ ಬಿಚ್ಚಿದ್ದು ಎಂದಳು. ಭಾವ, ನೀರಿನ ಹತ್ತಿರ ಇಡಬೇಡಿ, ಶಾಕ್ ಹೊಡೆದೀತು ಎಂದು ಬುದ್ಧಿ ಹೇಳಿ ಮುಂದೆ ನಡೆದರು.

ಅಲ್ಲಿಂದ ಮುಂದೆ ನಡೆದದ್ದನ್ನು ನಾನು ಆಮೇಲೆ ಮನೆ ಮನೆ ಕೇಳಿ ಜೋಡಿಸಿಕೊಂಡಿದ್ದೇನೆ. ನಾಲ್ಕು ಮನೆಯಲ್ಲಿ ಅದು ಹೊಲಿಗೆ ಯಂತ್ರದ ಭಾಗವಾಗಿತ್ತು. ಇನ್ನೊಂದರಲ್ಲಿ ಮೊನ್ನೆ ಬಂದುಹೋದ ಮೈದುನ ಬಿಟ್ಟುಹೋದ ಸಾಮಾನು, ಏನೆಂದು ಯಾರಿಗೂ ಗೊತ್ತಿಲ್ಲ. ಮೂರಂತಸ್ತಿನ ಅಧ್ಯಕ್ಷರು ಬಾಗಿಲಲ್ಲಿ ಭಾವನನ್ನು ಕಂಡವರೇ ಬೇರೆ ದಾರಿ ಕಾಣದೆ ಓಡುತ್ತಿದ್ದ ಮೋಟರಿನ ಮೇಲೆ ಪಂಚೆ ಹರಡಿ ಕೂತುಬಿಟ್ಟರು. ಅವರ ಗಲ್ಲ, ಹೊಟ್ಟೆ, ಕನ್ನಡಕ ಎಲ್ಲ ನಡುಗುತ್ತಿದ್ದವು.

"ಬೆ-ಬೆ-ಬೆನ್ನು ನೋವು" ಎಂದರು ಅಧ್ಯಕ್ಷರು. "ಡಾ-ಡಾಕ್ಟರು ಹೇಳಿದಾರೆ. ಮ-ಮಸಾಜು."

ಭಾವನಿಗೆ ಬಹಳ ಮರುಕವಾಯಿತು. ನಮ್ಮ ಮನೆಯವಳಿಗೂ ಬೆನ್ನು ನೋವಿದೆ, ಇದರಿಂದ ಗುಣ ಕಂಡಿದೆಯೇ, ದಿನಕ್ಕೆ ಎಷ್ಟು ಹೊತ್ತು ಕೂರಬೇಕು ಎಂದೆಲ್ಲ ವಿಚಾರಿಸಿಕೊಂಡು ಹತ್ತು ನಿಮಿಷ ನಿಂತರು. ಅಧ್ಯಕ್ಷರು ಹತ್ತು ನಿಮಿಷವೂ ನಡುಗಿದರು.

ನಮ್ಮ ಮನೆಗೆ ಬಂದಾಗ ನಾನು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಚಿಕ್ಕವನ ಸೋಪು ಹಚ್ಚಿದ ತಲೆ. ತಲೆ ಎತ್ತಿದರೆ ಬಾಗಿಲಲ್ಲಿ ಭಾವ, ಕಿವಿಯ ಮೇಲೆ ಪೆನ್ಸಿಲ್. ಸ್ವಂತ ಭಾವನಿಗೆ ಸುಳ್ಳು ಹೇಳಬಾರದೆಂದು ನನಗೂ ಗೊತ್ತು. ಆದರೆ ನಾಲಗೆ ನನಗಿಂತ ಮೊದಲು ಎದ್ದಿತ್ತು.

"ಸೈನ್ಸ್ ಪ್ರಾಜೆಕ್ಟು, ಭಾವ. ದೊಡ್ಡವಳದು."

ಭಾವ ಮೋಟರನ್ನು ಎರಡು ಕಡೆಯಿಂದ ನೋಡಿದರು. "ಚೆನ್ನಾಗಿ ಮಾಡಿದಾಳೆ ಕಣಮ್ಮ. ಮಾರ್ಕ್ಸ್ ಬರುತ್ತೆ" ಎಂದು, ಮೀಟರ್ ಓದಿಕೊಂಡು ಹೋದರು. ನನ್ನ ಈ ಉಪಾಯ ಕಿಟಕಿಯಿಂದ ಕಿಟಕಿಗೆ ಹಾರಿ ಮುಂದಿನ ಎಂಟು ಮನೆಯಲ್ಲೂ ಸೈನ್ಸ್ ಪ್ರಾಜೆಕ್ಟೇ ನಡೆಯುತ್ತಿತ್ತು. ಅವುಗಳಲ್ಲಿ ಎರಡು ಮನೆಯಲ್ಲಿ ಮಕ್ಕಳೇ ಇಲ್ಲ.

ಅರವತ್ತೆರಡನೆಯ ಮನೆಯಲ್ಲಿ ಭಾವ ಎಂದಿನಂತೆ ಲೋಟ ಹಿಡಿದು ನಲ್ಲಿ ತಿರುಗಿಸಿದರು. ಬುಸ್ ಎಂದಿತು. ಇನ್ನೂ ತಿರುಗಿಸಿದರು. ಇನ್ನೂ ಬುಸ್ ಎಂದಿತು. ಹತ್ತೊಂಬತ್ತು ವರ್ಷದಲ್ಲಿ ಆ ಲೋಟ ಖಾಲಿ ಉಳಿದದ್ದು ಅದೇ ಮೊದಲು.

ಟೀಚರಿಗೆ ಈಗ ಎಪ್ಪತ್ತನಾಲ್ಕು. ಮೊಣಕಾಲು ಊದಿಕೊಂಡಿತ್ತು. ಇನ್ನು ಬಿಂದಿಗೆ ಹೊರಬಾರದೆಂದು ಡಾಕ್ಟರು ಹೇಳಿ ಆಗಿತ್ತು. ನೀರಿಲ್ಲದ ಮನೆಯಲ್ಲಿ ಇರುವುದು ಹೇಗೆ, ಮಳೆಗಾಲ ಮುಗಿಯುವುದರೊಳಗೆ ಬಾಡಿಗೆಗೆ ಕೊಟ್ಟು ತಮ್ಮನ ಮನೆ ಸೇರಬೇಕು ಎಂದುಕೊಂಡಿದ್ದರು. ಯಾರ ಮನೆಯಲ್ಲೂ ಹಂಗಿನ ಒಂದು ಲೋಟ ಕುಡಿಯದ ಜೀವ ಅದು. ಅವರು ಗೋಡೆಯ ಮೇಲಿನ ಪೆನ್ಸಿಲ್ ಗುರುತಿನ ಮುಂದೆ ಭಾವನನ್ನು ನಿಲ್ಲಿಸಿ ಮೂರನೇ ತರಗತಿಯ ಲೆಕ್ಕ ಹೇಳಿಕೊಟ್ಟಂತೆ ಹೇಳಿದರು.

"ಹತ್ತೊಂಬತ್ತು ವರ್ಷ ನೀವು ಬಂದ ದಿನ ನೀರು ಬಂದಿದೆ. ಬರದ ದಿನ ಬಂದಿಲ್ಲ. ಇವತ್ತು ನೀವು ಬಂದಿದೀರಿ, ನೀರು ಬಂದಿಲ್ಲ. ಈ ಸಲ ಏನು ಬದಲಾಗಿದೆ, ಯೋಚನೆ ಮಾಡಿ. ಉತ್ತರ ನಾನು ಹೇಳಿಕೊಡಲ್ಲ."

ಭಾವ ಯೋಚನೆ ಮಾಡಿದರು. ಹೊರಗೆ ಹೋಗಿ ಸ್ಕೂಟರಿನ ಸುತ್ತ ಒಂದು ಸುತ್ತು ಹಾಕಿದರು. ಕೊನೆಗೆ ಉತ್ತರ ಹೊಳೆಯಿತು. ಹಳೆಯ ಸೈಲೆನ್ಸರಿನ ಸದ್ದಿಗೆ ನೆಲ ನಡುಗುತ್ತಿತ್ತು. ನೆಲ ನಡುಗಿದಾಗ ಕೊಳವೆ ನಡುಗುತ್ತಿತ್ತು. ಕೊಳವೆ ನಡುಗಿದಾಗ ಒಳಗೆ ಸಿಕ್ಕಿಕೊಂಡ ಗಾಳಿ ಸಡಿಲವಾಗಿ ನೀರಿಗೆ ದಾರಿ ಬಿಡುತ್ತಿತ್ತು. ಈಗ ಸದ್ದಿಲ್ಲ, ನಡುಕವಿಲ್ಲ, ನೀರಿಲ್ಲ.

ಟೀಚರು ಇದನ್ನು ಪೂರ್ತಿ ಕೇಳಿದರು. ಮೂವತ್ತೈದು ವರ್ಷ ಮಕ್ಕಳ ತಪ್ಪು ಲೆಕ್ಕ ನೋಡಿದವರು, ತಪ್ಪು ದಾರಿಯಲ್ಲಿ ಸರಿ ಉತ್ತರಕ್ಕೆ ಬಂದವನನ್ನು ಏನು ಮಾಡಬೇಕೆಂದು ಅವರಿಗೂ ತಿಳಿಯಲಿಲ್ಲ.

ಭಾವ ಈ ಸಿದ್ಧಾಂತವನ್ನು ನಾಲ್ಕು ಪುಟದ ವರದಿ ಮಾಡಿ ಇಂಜಿನಿಯರ್ ಸಾಹೇಬರ ಮೇಜಿನ ಮೇಲಿಟ್ಟರು. ಸಾಹೇಬರು ಮೊದಲ ಪುಟ ಓದಿ ಫ್ಯಾನಿನ ಕಡೆ ನೋಡಿದರು. ಎರಡನೆಯದು ಓದಿ ಕಿಟಕಿಯ ಕಡೆ ನೋಡಿದರು. ಮೂರನೆಯ ಪುಟದಲ್ಲಿ, ಅಂದು ಬೀದಿಯಲ್ಲಿ ಕಂಡುಬಂದ ಇತರ ವಿಶೇಷಗಳು ಎಂಬ ತಲೆಬರಹದ ಕೆಳಗೆ ಒಂದು ಮಸಾಜ್ ಯಂತ್ರ, ನಾಲ್ಕು ಹೊಲಿಗೆ ಯಂತ್ರದ ಭಾಗ, ಒಂಬತ್ತು ಸೈನ್ಸ್ ಪ್ರಾಜೆಕ್ಟು ಎಂಬ ಪಟ್ಟಿ ಇತ್ತು. ಬೀದಿಯ ಮಕ್ಕಳ ವಿಜ್ಞಾನದ ಆಸಕ್ತಿ ಶ್ಲಾಘನೀಯ ಎಂದು ಭಾವ ಷರಾ ಬರೆದಿದ್ದರು. ಸಾಹೇಬರಿಗೆ ಎಲ್ಲವೂ ಅರ್ಥವಾಯಿತು. ನಾಳಿದ್ದು ನೀರು ಬಿಡುವ ದಿನ ದಳದೊಂದಿಗೆ ತಾವೇ ಬರುವುದಾಗಿಯೂ, ಮೋಟರ್ ಸಿಕ್ಕ ಮನೆಯ ನಲ್ಲಿ ಅಲ್ಲೇ ಕತ್ತರಿಸುವುದಾಗಿಯೂ, ಸದ್ದಿಲ್ಲದ ಸ್ಕೂಟರಿನಲ್ಲಿ ಭಾವ ಮುಂದೆ ದಾರಿ ತೋರಿಸಬೇಕೆಂದೂ ಹೇಳಿದರು. ಮೊದಲು ತಮ್ಮ ಪ್ರಯೋಗ ಆಗಬೇಕು ಎಂದರು ಭಾವ. ನಿಮ್ಮ ಪ್ರಯೋಗ ಆಮೇಲೆ ಎಂದರು ಸಾಹೇಬರು.

ಭಾವ ಇದನ್ನು ಊಟ ಮಾಡುತ್ತ ಅಕ್ಕನಿಗೆ ಹೇಳಿದರು. ಅಕ್ಕ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ವಾಪಸ್ ಇಟ್ಟಳು. ಕತ್ತರಿಸುವ ನಲ್ಲಿಗಳಲ್ಲಿ ತಂಗಿಯದೂ ಒಂದು. ತಂಗಿಗೆ ತಿಳಿಸೋಣವೆಂದರೆ ಗಂಡನ ಕೆಲಸದ ಗುಟ್ಟು. ಅವಳು ಬಾಯಿ ಬಿಡಲಾರದೆ, ಮುಚ್ಚಲಾರದೆ, ಕೊನೆಗೆ ಬೇರೊಂದು ಗುಟ್ಟನ್ನು ಬಿಟ್ಟಳು. "ರೀ, ಆ ಹುಲಿ ಬಾಯಿಗೆ ಬಿರಡೆ ಹಾಕಿಸಿದ್ದು ನಾನೇ."

ಭಾವ ಊಟ ಬಿಟ್ಟು ಎದ್ದರು. ಕೋಪಕ್ಕಲ್ಲ, ಹತ್ತು-ಹನ್ನೊಂದು ಅಂಗಡಿ ಮುಚ್ಚುವುದರೊಳಗೆ ಹೋಗಬೇಕಿತ್ತು. ಒಂದು ಅಲೆನ್ ಕೀ, ಒಂದು ಬೋಲ್ಟು. ಬಿರಡೆ ಹೊರಗೆ ಬಂದು ಭಾವನ ಅಂಗಿಯ ಜೇಬು ಸೇರಿತು.

ಆ ಬೆಳಿಗ್ಗೆಯ ಸದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹಳೆಯದು ಲೋಟ ಅಲುಗಿಸುತ್ತಿತ್ತು. ಇದಕ್ಕೆ ಲೋಟ ಗೂಡಿನಿಂದ ಇಳಿದು ಬಂತು. ನಿಜವಾಗಿ ಹುಲಿಯೇ. ಅರವತ್ತೊಂದು ಮನೆಯವರೂ ಆರಿಸಿದ್ದು, ಬಿಚ್ಚಿದ್ದು, ಬಚ್ಚಿಟ್ಟದ್ದು ಒಂದೇ ಉಸಿರಿಗೆ. ಭಾವ ಮುಂದೆ, ಕಿವಿ ಮುಚ್ಚಿಕೊಂಡ ಇಂಜಿನಿಯರ್ ಸಾಹೇಬರ ಜೀಪು ಅವರ ಹಿಂದೆ, ಕತ್ತರಿ ಹಿಡಿದ ದಳ ಅದರ ಹಿಂದೆ. ಮನೆ ಮನೆ ಹೊಕ್ಕರೂ ಒಂದು ಮೋಟರ್ ಸಿಕ್ಕಲಿಲ್ಲ. ಸಾಹೇಬರು ಭಾವನನ್ನು ತಿನ್ನುವ ಹಾಗೆ ನೋಡುತ್ತ ನಡೆದು, ಹಾಗೇ ಕೊನೆಯ ಮನೆ ತಲುಪಿದರು.

ಅಲ್ಲಿ ಟೀಚರ ಬಿಂದಿಗೆ ತುಂಬಿ ಹೊರಗೆ ಚೆಲ್ಲುತ್ತಿತ್ತು.

ಸಾಹೇಬರು ನಲ್ಲಿ ನೋಡಿದರು. ಬೀದಿಯುದ್ದಕ್ಕೂ ಹಿಂತಿರುಗಿ ನೋಡಿದರು. ಪ್ರತಿ ಬಾಗಿಲಲ್ಲೂ ಒಂದೊಂದು ಮುಖ, ಪ್ರತಿ ಮುಖದ ಹಿಂದೆ ಮೋಟರಿಲ್ಲದೆ ಸಣ್ಣಗೆ ಬೀಳುವ ನೀರಿನ ಸದ್ದು. ಅರವತ್ತೆರಡು ಮನೆಗೂ ಬರುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬೀದಿಯನ್ನು ಹೀಗೇ ಇಟ್ಟರೆ ಕತ್ತರಿಗಿಂತ ಲಾಭ ಎಂದು ಅವರಿಗೆ ಅನ್ನಿಸಿರಬೇಕು. ನಿಮ್ಮ ಗಾಳಿ ಸಿದ್ಧಾಂತ ಸರಿಯಿರುವಂತೆ ಕಾಣುತ್ತದೆ ಎಂದರು. ಎರಡು ದಿನದಲ್ಲಿ ಆಜ್ಞೆ ಬಂತು: ಸದರಿ ನೌಕರರು ನಿವೃತ್ತಿಯವರೆಗೆ, ನೀರು ಬಿಡುವ ಪ್ರತಿ ದಿನ ಬೆಳಿಗ್ಗೆ ಆರು ಗಂಟೆಗೆ ಸದರಿ ಬೀದಿಯ ಕೊಳವೆಗೆ ಕಂಪನ ಚಿಕಿತ್ಸೆ ನೀಡತಕ್ಕದ್ದು, ಮೋಟರ್ ಕಂಡುಬಂದಲ್ಲಿ ಆ ಮನೆಯ ನಲ್ಲಿಯನ್ನು ಸ್ಥಳದಲ್ಲೇ ಕಡಿತಗೊಳಿಸತಕ್ಕದ್ದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಎರಡೂವರೆ ತಿಂಗಳು ಚಿಕಿತ್ಸೆ ನಡೆಯಿತು. ಆರು ಗಂಟೆಗೆ ಬೀದಿಯ ಬಾಯಲ್ಲಿ ಭಾವ ಬಿರಡೆ ತೆಗೆದು ಜೇಬಿಗೆ ಹಾಕಿ, ಎಂಟರವರೆಗೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಹೋಗುತ್ತಿದ್ದರು. ನಮ್ಮ ಮನೆಯಲ್ಲಿ ಮೊದಲು ಹತ್ತು ನಿಮಿಷಕ್ಕೆ ತುಂಬುತ್ತಿದ್ದ ಟಬ್ಬು ಮುಕ್ಕಾಲು ಗಂಟೆಗೆ ತುಂಬತೊಡಗಿತು. ತುಂಬುತ್ತಿತ್ತು ಅನ್ನುವುದೂ ನಿಜ. ಟೀಚರು ಒಬ್ಬರೇ ಸಂಪೂರ್ಣ ಒಪ್ಪಿರಲಿಲ್ಲ. ನೀರು ತುಂಬಿಸಿಕೊಳ್ಳುತ್ತಲೇ, ಇದು ಲೆಕ್ಕಕ್ಕೆ ಬರುವುದಿಲ್ಲ ಎಂದರಂತೆ. ಮಾತು ಇದ್ದದ್ದು ನೀವಿಲ್ಲದ ದಿನದ ಬಗ್ಗೆ. ನೀವು ರಿಟೈರ್ ಆದ ಮರುದಿನ ನಾನು ಮತ್ತೆ ಬಿಂದಿಗೆ ಹೊರಲಾರೆ, ತಮ್ಮನಿಗೆ ಕಾಗದ ಬರೆದಾಗಿದೆ ಎಂದರಂತೆ. ಆ ದಿನ ಭಾವ ಚಿಕಿತ್ಸೆ ಮುಗಿಸಿ ಅಕ್ಕ ಕೊಟ್ಟ ತಿಂಡಿಯನ್ನು ಹಾಗೇ ಬಿಟ್ಟರು.

ಇತ್ತ ಮೂರಂತಸ್ತಿನ ಅಧ್ಯಕ್ಷರಿಗೆ ಮೇಲಿನ ಮಹಡಿಗೆ ನೀರೇರದೆ ತಲೆ ಕೆಟ್ಟಿತ್ತು. ಶಬ್ದಮಾಲಿನ್ಯವೆಂದು ಟ್ರಾಫಿಕ್ ಪೊಲೀಸಿಗೆ ದೂರು ಕೊಟ್ಟರು. ಭಾವನ ನಿವೃತ್ತಿಗೆ ಎರಡು ದಿನವಿರುವಾಗ ಪೊಲೀಸಪ್ಪ ಸದ್ದು ಅಳೆಯುವ ಯಂತ್ರ ಹಿಡಿದು ಬಂದ. ಅಳೆದ. ಯಂತ್ರದ ಮುಳ್ಳು ಕೊನೆಗೆ ಹೋಗಿ ಅಲ್ಲೇ ಉಳಿಯಿತು. ಭಾವ ಸುಳ್ಳು ಹೇಳುವ ಮನುಷ್ಯರಲ್ಲ. ಜೇಬಿನಿಂದ ಬಿರಡೆ ತೆಗೆದು ತೋರಿಸಿ, ಇದನ್ನು ಹಾಕಿದರೆ ಸದ್ದಿಲ್ಲ, ತೆಗೆದರೆ ಇದೆ ಎಂದು ಎರಡನ್ನೂ ಮಾಡಿ ತೋರಿಸಿದರು. ಹಾಗಾದರೆ ಇನ್ನು ಮುಂದೆ ಹಾಕಿಯೇ ಇರಬೇಕು, ತೆಗೆದದ್ದು ಕಂಡರೆ ಗಾಡಿ ಠಾಣೆಗೆ ಎಂದ ಪೊಲೀಸಪ್ಪ. ಬೋಲ್ಟನ್ನು ತಾನೇ ನಿಂತು ಬಿಗಿಸಿದ.

ಅಧ್ಯಕ್ಷರು ಗೆದ್ದರು. ಅಂದು ಸಂಜೆ ಬೀದಿಯಲ್ಲಿ ಎಲ್ಲರ ಮನೆಯ ಮೋಟರೂ ಹೊರಗೆ ಬಂದು ಧೂಳು ಒರೆಸಿಕೊಂಡಿತು. ನಮ್ಮದೂ.

ನಾಳಿದ್ದು ಬಂತು. ಭಾವನ ಕೊನೆಯ ದಿನ. ಆರು ಗಂಟೆಗೆ ನೀರು ಬಿಟ್ಟರು. ಬೀದಿ ಸ್ತಬ್ಧ. ಹುಲಿಯ ಸದ್ದಿಲ್ಲ. ನಾನು ಮೋಟರ್ ಸಿಕ್ಕಿಸಿ ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಇಟ್ಟ ಬೆರಳು ಅಲ್ಲೇ ನಿಂತಿತು.

ಸದ್ದಿಲ್ಲ ಅಂದರೆ ಭಾವ ಬಂದಿಲ್ಲವೆಂದೇ? ಬಿರಡೆ ಹಾಕಿದ್ದಾರಲ್ಲ. ಬಂದು ಬಾಗಿಲಲ್ಲೇ ನಿಂತಿದ್ದರೂ ಸದ್ದಿರುವುದಿಲ್ಲ. ಕತ್ತರಿಯ ದಳ ಹಿಂದೆಯೇ ಇದ್ದರೂ ಇರಬಹುದು. ಕಿಟಕಿಯಿಂದ ಇಣುಕಿದೆ. ಎದುರು ಕಿಟಕಿಯಲ್ಲಿ ಅಧ್ಯಕ್ಷರು ಇಣುಕುತ್ತಿದ್ದರು. ಅವರ ಪಕ್ಕದ ಕಿಟಕಿಯಲ್ಲಿ ಮಿಕ್ಸಿಯೆಂದ ಮೊದಲ ಮನೆಯ ಧೈರ್ಯವಂತೆಯ ನಾದಿನಿ. ಉದ್ದಕ್ಕೂ ಕಿಟಕಿ, ಉದ್ದಕ್ಕೂ ತಲೆ. ಒಬ್ಬರೂ ಸ್ವಿಚ್ ಒತ್ತಲಿಲ್ಲ. ಸದ್ದಿದ್ದಾಗ ಎರಡು ಗಂಟೆಯ ಭಯವಿತ್ತು. ಸದ್ದು ಹೋಗಿ ಭಯಕ್ಕೆ ಗಡಿಯಾರವೇ ಇಲ್ಲವಾಯಿತು. ಏಳಕ್ಕೆ ನಾನು ಪೈಪು ಸುತ್ತಿ ಮೋಟರನ್ನು ಅಟ್ಟಕ್ಕೆ ಹಾಕಿ, ಮಕ್ಕಳಿಗೆ ಅರ್ಧ ಬಕೆಟ್ಟಿನ ಸ್ನಾನ ಮಾಡಿಸಿದೆ.

ಸಂಜೆ ಕಚೇರಿಯ ಬೀಳ್ಕೊಡುಗೆಗೆ ನಾನೂ ಹೋದೆ. ಬೆಳಿಗ್ಗೆ ಭಾವ ಯಾವ ಮೂಲೆಯಲ್ಲಿ ನಿಂತಿದ್ದರೆಂದು ಅಕ್ಕನನ್ನು ಕೇಳಿದರೆ ಅವಳು ನಕ್ಕಳು. ಸದ್ದಿಲ್ಲದೆ ಚಿಕಿತ್ಸೆ ಎಂಥದು ಎಂದು ಹೇಳಿ ಹೊದ್ದು ಮಲಗಿದವರು ಎಂಟೂವರೆಗೆ ಎದ್ದರಂತೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ.

ಭಾವ ಹೂಮಾಲೆಯ ಭಾರಕ್ಕೆ ಕತ್ತು ಒಂದು ಕಡೆ ವಾಲಿಸಿಕೊಂಡು ಕೂತಿದ್ದರು. ನಾನು ಪಕ್ಕದ ಕುರ್ಚಿಗೆ ಸರಿದು ಮೆಲ್ಲಗೆ ಕೇಳಿದೆ. "ಭಾವ, ನಿಜ ಹೇಳಿ. ನಿಮಗೆ ಎಲ್ಲಾ ಗೊತ್ತಿತ್ತಾ?"

ಭಾವ ಮಾಲೆಯ ಸಂದಿನಿಂದ ನನ್ನನ್ನು ನೋಡಿದರು. ಆ ಮುಖದಲ್ಲಿ ಹತ್ತೊಂಬತ್ತು ವರ್ಷದಿಂದ ನಾನು ಕಂಡ ಅದೇ ಪೆದ್ದುತನ ಇತ್ತು. ಅದರ ಹಿಂದೆ ಬೇರೇನಾದರೂ ಇತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ.

"ಅಂದ ಹಾಗೆ ಕಣಮ್ಮ" ಎಂದರು, "ಆ ಸೈನ್ಸ್ ಪ್ರಾಜೆಕ್ಟಿಗೆ ಮಾರ್ಕ್ಸ್ ಎಷ್ಟು ಬಂತು?"

ಕೊನೆಯ ಮನೆಯ ಬಿಂದಿಗೆ ಅಂದು ಬೆಳಿಗ್ಗೆ ಆರೂ ಐವತ್ತಕ್ಕೆ ತುಂಬಿತ್ತು. ಟೀಚರು ಗೋಡೆಯ ಮೇಲಿನ ತಾರೀಕಿನ ಮುಂದೆ ಸರಿ ಗುರುತು ಹಾಕಿ, ತಮ್ಮನಿಗೆ ಬರುವುದಿಲ್ಲವೆಂದು ಬರೆದರು. ಭಾವ ರಿಟೈರ್ ಆದದ್ದು ಸಂಜೆ ಐದಕ್ಕೆ. ಕೊಟ್ಟ ಮಾತು ನಡೆಯಿತು.